ಕಳಿಸಿದವರು ಇದ್ದಾರಾ?

ಚರ್ರನೆ ಟೇಪು ಹರಿಯಿತು — ಹರಿದದ್ದಲ್ಲ, ಸುರುಳಿಯಿಂದ ಬಿಚ್ಚಿಕೊಂಡದ್ದು, ಹರಿಯುವುದು ಆಮೇಲೆ, ಅದಕ್ಕೆ ಇಲ್ಲಿ ಕತ್ತರಿಯಿದೆ, ಯಾರೂ ಜೇಬಿಗಿಳಿಸಬಾರದೆಂದು ಅದರ ಕಿವಿಗೆ ಹುರಿ ಪೋಣಿಸಿ ಮೇಜಿನ ಕಾಲಿಗೆ ಬಿಗಿದಿದ್ದಾರೆ, ಗೂಟಕ್ಕೆ ಕಟ್ಟಿದ ದನದ ಹಾಗೆ ಅದು ಮೇಜಿನ ಸುತ್ತಲೇ ಮೇಯಬೇಕು, ಮನೆಯಲ್ಲಿ ಬೇಕೆಂದಾಗ ಕತ್ತರಿ ಸಿಕ್ಕಿದ್ದುಂಟೇ, ಹೆಂಡತಿ ಹಲ್ಲಿನಿಂದಲೇ ಕಚ್ಚುತ್ತಿದ್ದಳು, ಇರೋ ನಾಲ್ಕು ಹಲ್ಲೂ ಹೋಗುತ್ತೆ ಕಣೇ ಅಂದರೆ, ನೀವು ಕತ್ತರಿ ಹುಡುಕಿ ಕೊಡೋ ಹೊತ್ತಿಗೆ ಪಾರ್ಸಲ್ಲು ಊರು ಸೇರಿರುತ್ತೆ, ಸುಮ್ನಿರಿ — ಮತ್ತೆ ಚರ್ರ್. ಕೊರಿಯರ್ ಕಚೇರಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದ ಮೊಳೆ ತಾತ ಕಣ್ಣು ಮುಚ್ಚಿಕೊಂಡರು, ಮುಚ್ಚಿದರೆ ಸದ್ದು ಇನ್ನೂ ಹತ್ತಿರವಾಯಿತು, ಊಟದ ಮೇಜಿನಷ್ಟು ಹತ್ತಿರ, ತೆರೆದರು. ಮೊಳೆ ತಾತ ಎಂದು ಬೀದಿಯ ಮಕ್ಕಳಿಟ್ಟ ಹೆಸರು, ಹರೆಯವೆಲ್ಲ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸಿದವರು, ಈಗ ಅಚ್ಚುಕೂಟವೂ ಹೋಯಿತು, ಮೊಳೆಗಳನ್ನು ಕರಗಿಸಿ ಮಾರಿದ್ದೂ ಆಯಿತು, ಹೆಸರು ಮಾತ್ರ ಗೋಡೆಯಲ್ಲಿ ಮುರಿದ ಮೊಳೆಯ ಹಾಗೆ ಉಳಿದುಕೊಂಡಿತು. ಒಂದು ಪಾರ್ಸಲ್ಲು ಕಳೆದಿದೆ, ಅದನ್ನು ಕೇಳಲು ಬಂದಿದ್ದೇನೆ, ಇಷ್ಟೇ ಹೇಳಬೇಕು, ಅವಳು ಕಳಿಸಿದ ಕೊನೆಯದು ಎಂದು ಹೇಳಬಾರದು, ಕೊನೆಯದೋ ಮೊದಲನೆಯದೋ ಕೌಂಟರಿಗೆ ಏನಾಗಬೇಕು.

ಈ ಕಚೇರಿಯನ್ನು ಆರಿಸಿದ್ದು ತಾನೇ, ಅದನ್ನು ಯಾರ ತಲೆಗೆ ಕಟ್ಟುವುದು, ಅವಳಿಗೆ ಅಂಚೆಯೇ ಬೇಕಿತ್ತು. ಸೊಸೆ ಒಂದು ದಿನ ಅತ್ತೆ ಹೆಣೆದ ಕುಲಾವಿಯ ಫೋಟೋ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದಳು, ಅತ್ತೆ ನೀವಿನ್ನು ವ್ಯಾಪಾರಸ್ಥರು ಅಂದಳು, ಅತ್ತೆ ನಕ್ಕಳು, ನಗು ಮುಗಿಯುವುದರೊಳಗೆ ಯಾರೋ ಕೇಳಿಯೇ ಬಿಟ್ಟರು, ಕಂಡಿಲ್ಲದ ಕೂಸಿಗೆ ಕಂಡಿಲ್ಲದ ಊರಿಗೆ, ಹೇಗೆ ಕಳಿಸುವುದು ಈಗ, ಅಲ್ಲಿಂದ ಶುರು. ಉಣ್ಣೆಗೆ ತೂಕ ಹಕ್ಕಿಯಷ್ಟು, ಜಾಗ ಎಮ್ಮೆಯಷ್ಟು, ಕೊರಿಯರಿನವರು ತೂಗುವುದಿಲ್ಲ, ಪೆಟ್ಟಿಗೆಯ ಉದ್ದ ಅಗಲ ಎತ್ತರ ಅಳೆಯುತ್ತಾರೆ, ಒಳಗಿರೋ ಗಾಳಿಗೂ ಬಾಡಿಗೆ ಕಟ್ಟಬೇಕಾ, ಗಾಳಿ ದೇವರು ಪುಕ್ಕಟೆ ಕೊಟ್ಟದ್ದಲ್ವೇ ಎಂದು ಅವಳ ಜಗಳ, ಹಾಗೆಂದೇ ಹೊದಿಕೆಗಳನ್ನು ಮೊಣಕಾಲಿನ ಕೆಳಗೆ ಒತ್ತಿ ಒತ್ತಿ ಗಾಳಿ ತೆಗೆದು ಚಿಕ್ಕ ಪೆಟ್ಟಿಗೆಗೆ ತುಂಬುತ್ತಿದ್ದಳು, ಪೆಟ್ಟಿಗೆ ಬಿಚ್ಚಿದೊಡನೆ ಉಸ್ಸಂತ ಎದ್ದು ಕೂತ್ಕೊಳ್ಳುತ್ತೆ ನೋಡಿ, ನಿದ್ದೆಯಿಂದ ಎದ್ದ ಮಗು ಹಾಗೆ. ಕಳೆದುಹೋದರೆ ಹಣ ಬರೋ ಹಾಗೆ ವಿಮೆ ಮಾಡಿಸ್ತೀರಾ ಎಂದು ಕೌಂಟರಿನಲ್ಲಿ ಕೇಳಿದರೆ ಮುಖ ಚಿಕ್ಕದು ಮಾಡುತ್ತಿದ್ದಳು, ಹೊರಡೋವಾಗಲೇ ಕಳೆಯೋ ಮಾತ್ಯಾಕೆ, ಒಳ್ಳೇ ಮಾತಾಡಮ್ಮ. ಅಂಚೆಯಲ್ಲಿ ತಡವಾಗುತ್ತೆ, ಕೊರಿಯರಿನಲ್ಲಿ ಒಂದು ನಂಬರು ಕೊಡ್ತಾರೆ, ಪಾರ್ಸಲ್ಲು ಎಲ್ಲಿದೆ ಅಂತ ಕೂತಲ್ಲೇ ನೋಡಬಹುದು ಎಂದು ವಾದಿಸಿದವರು ತಾತ, ಅವಳು ಸೂಜಿಯಿಂದ ಕಣ್ಣೆತ್ತದೆ ಹೇಳಿದ್ದಳು, ನೋಡೋ ನಂಬರಿಗಿಂತ ನೋಡಿದ ಮುಖ ಮೇಲು. ಅಂಚೆಯವನ ಮುಖ ಅವಳು ಇಪ್ಪತ್ತು ವರ್ಷ ನೋಡಿದ್ದು. ಮಗಳ ಮದುವೆಗೆ ಬಂದವನು, ಕೊನೆಗೆ ಇವಳನ್ನು ಮಣ್ಣಿಗೆ ಹೊತ್ತವರಲ್ಲಿಯೂ ಒಬ್ಬ. ಅವನಾಗಿದ್ದರೆ — ಬೇಡ, ಆ ಯೋಚನೆ ಬೇಡ, ಅವನಾಗಿದ್ದರೆ ಬಾಗಿಲಲ್ಲಿ ನಿಂತು ಆ ಪ್ರಶ್ನೆ ಕೇಳುತ್ತಿರಲಿಲ್ಲ — ಯಾವ ಪ್ರಶ್ನೆ, ಯಾರೋ ಏನೋ ಕೇಳಿದ್ದರಲ್ಲ ಬಾಗಿಲಲ್ಲಿ, ಎಷ್ಟೊಂದು ಜನ ಬಂದರು, ಎಷ್ಟೊಂದು ಜನ ಕೇಳಿದರು, ನೆನಪು ಮಂಜು. ಕೊನೆಗೆ ಸೋತವಳೂ ಅವಳೇ, ನಂಬರಿನ ರುಚಿ ಹತ್ತಿದವಳೂ ಅವಳೇ, ಬೆಳಗಾದರೆ ಫೋನು ಹಿಡಿದು, ರೀ, ಕೆಂಪು ಕುಲಾವಿ ಹೊಳೆ ದಾಟಿತು, ರೀ, ಹಳದಿ ಕಾಲ್ಚೀಲ ಯಾವುದೋ ಗೋಡೌನಲ್ಲಿ ಮಲಗಿದೆ, ಪಾಪ, ಮಕ್ಕಳನ್ನು ಪರವೂರಿಗೆ ಕಳಿಸಿದವಳ ಹಾಗೆ, ದೀಪದ ಮುಂದೆ ಕೂತು ಅವಕ್ಕೂ ಸೇರಿಸಿ ಬೇಡಿಕೊಳ್ಳುತ್ತಿದ್ದಳು, ತಲುಪಿತು ಎಂಬ ಮಾತು ಪರದೆಯ ಮೇಲೆ ಮೂಡಿದ ಮೇಲೆಯೇ ಅವಳಿಗೆ ಕಾಫಿ ಇಳಿಯುವುದು.

ಕಟ್ಟುವುದರಲ್ಲಿಯೂ ಅವಳದೇ ಒಂದು ರೀತಿ, ಟೇಪು ಸುತ್ತಿದ ಮೇಲೆ ಒಳಗಿನ ವಸ್ತುವಿನ ಉಳಿಕೆ ಉಣ್ಣೆಯಿಂದಲೇ ಪೆಟ್ಟಿಗೆಗೆ ಅಡ್ಡ ಉದ್ದ ಬಿಗಿದು, ಮೇಲೆ ಒಂದು ಕುಣಿಕೆ ಬಿಡುವುದು, ಬೆರಳು ಸಿಕ್ಕಿಸಿ ಎತ್ತುವಷ್ಟು, ಹೊರೋನಿಗೆ ಹಿಡಿಯೋಕೆ ಏನಾದರೂ ಬೇಕಲ್ಲ ಪಾಪ, ಇಲ್ಲಿ ಕೌಂಟರಿನವರು ಎಷ್ಟು ಹೇಳಿದ್ದರು, ದಾರ ಕಟ್ಟಬೇಡಿ ಅಮ್ಮ, ಬೆಲ್ಟಿನ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತೆ, ಹೂಂ ಕಣಮ್ಮ ಅನ್ನುವುದು, ಮುಂದಿನ ಸಲ ಮತ್ತೆ ಕಟ್ಟುವುದು. ವಿಳಾಸ ಬರೆಯುವ ಕೆಲಸ ತಾತನದು. ಕೌಂಟರಿನವರು ಹೇಗೂ ಗೆರೆಗೆರೆಯ ಚೀಟಿ ಅಂಟಿಸುತ್ತಾರೆ, ಆದರೂ ಪೆಟ್ಟಿಗೆಯ ಮೇಲೆ ಕೈಬರಹ ಇರಲಿ ಎಂದು, ಸೀಸದ ಅಕ್ಷರದ ಹಾಗೆ ದುಂಡಗೆ, ಕಳಿಸಿದವರ ಹೆಸರು ನಡುಮಧ್ಯೆ ದಪ್ಪಕ್ಷರದಲ್ಲಿ, ಪಡೆಯುವವರ ಹೆಸರು ಕೆಳಗೆ ಚಿಕ್ಕಕ್ಷರದಲ್ಲಿ — ಇದೇನ್ರೀ ಇದು, ತಗೊಳ್ಳೋರು ಮುಖ್ಯವೋ ಕಳಿಸೋಳು ಮುಖ್ಯವೋ — ಪುಸ್ತಕದ ಮೇಲೆ ಬರೆದವರ ಹೆಸರೇ ಅಲ್ವೇನೇ ದೊಡ್ಡದಾಗಿ ಇರೋದು, ಓದೋರ ಹೆಸರು ಯಾರು ಅಚ್ಚು ಹಾಕ್ತಾರೆ — ನಿಮ್ಮ ಅಚ್ಚುಕೂಟದ ಬುದ್ಧಿಗಿಷ್ಟು ಎಂದು ಅವಳು ತಲೆ ಚಚ್ಚಿಕೊಂಡಳು, ಅಳಿಸು ಅನ್ನಲಿಲ್ಲ. ಬಾಯಲ್ಲಿ ಆ ಹೆಸರು ಬಂದದ್ದು ಕಡಮೆ, ಇವಳೇ, ಏನೇ, ಕೇಳಿಸ್ತೇನೇ, ಇಷ್ಟರಲ್ಲೇ ಸಂಸಾರ ಮುಗಿಯಿತು, ಅವಳಿಗೂ ಇವರು ರೀ, ಬರೀ ರೀ, ಹೆಸರು ಹಿಡಿದು ಕರೆಯಲು ನಾಲಗೆ ಏಳದ ಗಂಡ ಪೆಟ್ಟಿಗೆಯ ಮೇಲೆ ಮಾತ್ರ ಅದನ್ನು ಹೆಬ್ಬೆರಳಿನಷ್ಟು ದಪ್ಪಕ್ಕೆ ಬರೆದ, ಊರೂರಿಗೆ ಕಳಿಸಿದ. ಇನ್ನೊಂದು ನೇಮ ಅವಳದು, ಮನೆಯಲ್ಲಿ ಇಲ್ಲ ಅನ್ನಬಾರದು, ಉಪ್ಪು ಇಲ್ಲ ಅನ್ನಬೇಡಿ, ತರಬೇಕು ಅನ್ನಿ, ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬೇಡಿ, ಮುಂದೆ ನೋಡೋಣ ಅನ್ನಿ, ಆ ಮಾತು ಬಾಯಿಂದ ಬಿದ್ದರೆ ಅಲ್ಲೇ ಕೂತು ಮರಿ ಹಾಕುತ್ತೆ. ಇಂಟರ್‌ನೆಟ್ಟಿನ ಅಂಗಡಿಯಲ್ಲಿ ಮಾಲು ಮುಗಿದಾಗ ಲಭ್ಯವಿಲ್ಲ ಎಂದು ಹಾಕಬೇಕಂತೆ, ಸೊಸೆ ಹಾಕಹೋದಳು, ಬೇಡ ಕಣಮ್ಮ, ಹೆಣೆಯುತ್ತಿದ್ದೇನೆ ಅಂತ ಹಾಕು, ಹಾಗೇ ಹಾಕಿದಳು, ತೆಗೆಯಲು ಯಾರಿಗೂ ಕೈ ಬರಲಿಲ್ಲ, ಈವತ್ತಿಗೂ ಹಾಗೇ ಇದೆ, ಮಣ್ಣು ಸೇರಿ ಮಳೆಗಾಲ ಕಳೆದರೂ ಅಲ್ಲಿ ಅವಳು ಹೆಣೆಯುತ್ತಿದ್ದಾಳೆ.

ಆ ಹಸಿರು ಹೊದಿಕೆ. ಕೇಳಿದವಳು ದೂರದ ಊರಿನ ಒಬ್ಬ ಹೆಂಗಸು, ಬಹಳ ವರ್ಷಕ್ಕೆ ನಿಂತ ಬಸಿರು, ಫೋನಿನಲ್ಲಿ ಇಬ್ಬರೂ ತಾಯಿ ಮಗಳ ಹಾಗೆ ಮಾತಾಡುತ್ತಿದ್ದರು, ಅಮ್ಮ, ನಂಗೆ ಭಯ, ಮುಂಚೆ ತಂದಿಟ್ಟುಕೊಂಡದ್ದೆಲ್ಲ ಎರಡು ಸಲ ವ್ಯರ್ಥ ಆಯ್ತು, ಈ ಸಲ ಏನೂ ತರಬಾರದು ಅಂತಿದೀನಿ — ಇವಳು ಹೆಣಿಗೆಯ ಕಡ್ಡಿ ಕೆಳಗಿಟ್ಟು ಹೇಳಿದ್ದು ತಾತನ ಕಿವಿಯಲ್ಲೇ ಇದೆ — ನೀನೇನೂ ತರಬೇಡ ಮಗಳೇ, ನಾನು ಕಳಿಸ್ತೀನಿ, ನಿನ್ನ ಕೂಸು ಬರೋ ಮುಂಚೆ ನನ್ನ ಹೊದಿಕೆ ಬಂದಿರುತ್ತೆ, ಇದು ನನ್ನ ಮಾತು. ಗಂಡೋ ಹೆಣ್ಣೋ ಯಾರು ಬಲ್ಲರು, ಅದಕ್ಕೇ ಹಸಿರು, ಎಳೆ ಹುಲ್ಲಿನ ಹಸಿರು, ನಾಲ್ಕನೆಯ ಮೂಲೆಯಲ್ಲಿ ಒಂದು ಪುಟ್ಟ ಕುಣಿಕೆ ಹೆಣೆದಳು, ಇದ್ಯಾಕೆ ಅಂದರು, ಕೂಸು ಹಿಡ್ಕೊಳ್ಳೋಕೆ ರೀ, ಹುಟ್ಟಿದವು ಮೊದಲು ಕಲಿಯೋದು ಹಿಡ್ಕೊಳ್ಳೋದು, ಹಾಲು ಕುಡಿಯೋದೂ ಆಮೇಲೆ, ತನ್ನ ಕಿರುಬೆರಳು ಅದರಲ್ಲಿ ತೂರಿಸಿ ಎಳೆದು ನೋಡಿದಳು, ಗಟ್ಟಿಯಿದೆ ಅಂದಳು. ತಾನೇ ನಡೆದು ಬಂದು ಇದೇ ಕೌಂಟರಿನಲ್ಲಿ ಕೊಟ್ಟು ಹೋದಳು. ಮಾರನೆಯ ಬೆಳಗ್ಗೆ ಫೋನು ಹಿಡಿದು, ರೀ, ಹೊದಿಕೆ ಹೊರಟಿತು ಅಂದಳು, ಕಾಫಿ ಲೋಟ ತೊಳೆಯಲು ಎದ್ದಳು, ನೀರು ಹರಿಯುವ ಸದ್ದು ನಿಲ್ಲಲೇ ಇಲ್ಲ, ಯಾಕಿಷ್ಟು ನೀರು ಬಿಡ್ತೀಯೇ ಎಂದು ಇವರು ಕೂತಲ್ಲಿಂದಲೇ ಗದರಿದರು — ದೇವರೇ, ಕೊನೆಯ ಮಾತಿಗೆ ನಲ್ಲಿಯ ನೀರೇ ಬೇಕಾಗಿತ್ತೇ, ನಿನ್ನ ಚಿತ್ತ. ಆಮೇಲಿನ ದಿನಗಳಲ್ಲಿ ಮನೆತುಂಬ ಚಪ್ಪಲಿ, ಮನೆತುಂಬ ಪಿಸುಮಾತು, ಬಾಗಿಲ ಗಂಟೆ, ಮತ್ತೆ ಬಾಗಿಲ ಗಂಟೆ, ಹಸಿರೊಂದು ಕಣ್ಣಂಚಿನಲ್ಲಿ ಸುಳಿದ ಹಾಗೆ, ಯಾವ ಹಸಿರು, ತಿಳಿಯದು, ಪ್ರಾರ್ಥನೆಗೆ ಕೂತರೆ ಅರ್ಧಕ್ಕೆ ನಿಲ್ಲುತ್ತಿತ್ತು, ನಿನ್ನ ದಯೆಯಲ್ಲಿ ಎಂಬಲ್ಲಿಗೆ ಬಂದು ಮುಂದಿನ ಪದ ಸಿಗುತ್ತಿರಲಿಲ್ಲ, ಅಚ್ಚುಕೂಟದ ಅಕ್ಷರಖಾನೆಯಲ್ಲಿ ಕೈಯಾಡಿಸಿದರೂ ಬೇಕಾದ ಮೊಳೆ ಸಿಗದ ಹಾಗೆ.

ಹೋದ ವಾರ ಅವಳ ಫೋನಿಗೆ ಆ ಹೆಂಗಸಿನ ಸಂದೇಶ, ಫೋನನ್ನು ತಾತ ದಿನವೂ ಚಾರ್ಜಿಗೆ ಹಾಕುತ್ತಾರೆ, ಯಾಕೆ ಎಂದು ಕೇಳಿದರೆ ಉತ್ತರ ಹುಡುಕಬೇಕು, ಯಾರೂ ಕೇಳಿಲ್ಲ. ಅಮ್ಮ, ಹೊದಿಕೆ ಬರಲೇ ಇಲ್ಲ, ತಪ್ಪು ತಿಳ್ಕೋಬೇಡಿ, ಮಗಳು ಹುಟ್ಟಿದಳು, ಬೇಗ ಬಂದುಬಿಟ್ಟಳು, ಇಷ್ಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದಳು, ಈ ತಿಂಗಳ ಕೊನೆಗೆ ಮನೆಗೆ ಕಳಿಸ್ತಾರಂತೆ, ನಾನು ಬೇರೆ ಏನೂ ತಂದಿಟ್ಟಿಲ್ಲ, ನಿಮ್ಮ ಮಾತಿನ ಮೇಲೆ ಇದ್ದೀನಿ. ಸೊಸೆ ಓದಿ ಹೇಳಿದಳು, ಮಾವ, ಹಣ ವಾಪಸ್ ಮಾಡಿಬಿಡೋಣ, ಕಳೆದದ್ದು ಕೊರಿಯರಿನವರ ತಪ್ಪು, ದೂರು ಕೊಟ್ಟರೆ ಅವರು ಏನೋ ಒಂದಿಷ್ಟು ಕೊಡ್ತಾರೆ, ಎಲ್ಲರೂ ಮಾಡೋದೇ ಅದು. ಒಳ್ಳೆಯ ಹುಡುಗಿ, ಸರಿಯಾದ ಮಾತೇ ಆಡಿದಳು. ಆದರೆ ಮಾತು ಕೊಟ್ಟವಳು ಅವಳು, ಮಾತಿಗೆ ಬದಲು ಹಣ ಕೊಟ್ಟರೆ ಅದು ವಾಪಸಾಗುವುದು ಹೇಗೆ, ಇನ್ನೊಂದು ಕಳಿಸೋಣ ಎಂದರೆ ಹೆಣೆಯುವ ಕೈ ಎಲ್ಲಿದೆ, ಅಂಗಡಿಯಿಂದ ತಂದು ಕಳಿಸಬಹುದು, ಆ ತಾಯಿಗೆ ಗೊತ್ತೂ ಆಗದು, ಮೇಲಿರುವವನಿಗೆ ಗೊತ್ತಾಗದೇ, ಮತ್ತೆ ಅವಳಿಗೆ. ಸತ್ತವರ ಮಾತು ಅರ್ಧ ದಾರಿಯಲ್ಲಿ ನಿಂತಿದ್ದರೆ ಅವರೂ ಅಲ್ಲೇ ನಿಂತಿರುತ್ತಾರೇನೋ, ಹೊರೆ ಇಳಿಸದ ಕೂಲಿಯವಳ ಹಾಗೆ, ಯಾವುದೋ ಗೋಡೌನಿನ ಬಾಗಿಲಲ್ಲಿ. ನಾನೇ ಹೋಗಿ ಕೇಳಿ ಬರ್ತೀನಿ ಕಣಮ್ಮ ಅಂದರು ತಾತ, ಅವಳ ಫೋನನ್ನು ಅಂಗಿಯ ಎದೆಜೇಬಿಗೆ ಹಾಕಿಕೊಂಡರು, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡರು, ಅವಳು ಹೆಣೆದದ್ದರಲ್ಲಿ ಮನೆಯಲ್ಲಿ ಉಳಿದದ್ದು ಅದೊಂದೇ, ಮಿಕ್ಕದ್ದೆಲ್ಲ ಮಾರಿಹೋಗಿದೆ, ಅದೂ ಅಂಚಿನಲ್ಲಿ ಬಿಚ್ಚುತ್ತಿದೆ, ಬಿಚ್ಚುವುದನ್ನು ತಡೆಯಲು ಇವರಿಗೆ ಬರುವುದಿಲ್ಲ.

ತಾತ, ನಿಮ್ಮದೇನು, ಕೌಂಟರಿನ ಹುಡುಗಿ ಕರೆದಳು, ಎದ್ದರು, ಮೊಣಕಾಲು ಚಟ್ಟೆಂದಿತು. ಪಾರ್ಸಲ್ಲು ಕಳೆದಿದೆಯಮ್ಮ. ನಂಬರ್ ಇದೆಯಾ ತಾತ, ನಂಬರು ಫೋನಿನಲ್ಲಿತ್ತು, ತೋರಿಸಿದರು, ಹುಡುಗಿ ಕಂಪ್ಯೂಟರಿನ ಮೇಲೆ ಬಗ್ಗಿದಳು, ಪರದೆಯ ಸಾಲು ಮುಂದೆ ಹೋಯಿತು, ಹಿಂದೆ ಬಂತು, ಹುಬ್ಬು ಗಂಟಾಯಿತು, ಕಳೆದಿಲ್ಲ ತಾತ ಇದು. ತಾತ ಗಾಜಿನ ಹತ್ತಿರಕ್ಕೆ ಬಾಗಿದರು. ಇದು ಅರ್ಧ ದಾರಿ ಹೋಗಿದೆ, ಅಲ್ಲಿ ಬೆಲ್ಟಿಗೆ ದಾರ ಸಿಕ್ಕಿ ನಮ್ಮ ಚೀಟಿ ಹರಿದುಹೋಗಿದೆ ಅಂತ ಬರೆದಿದ್ದಾರೆ, ಯಾರು ತಾತ ದಾರ ಕಟ್ಟಿದ್ದು, ಕಟ್ಟಬೇಡಿ ಅಂತ ಬೋರ್ಡೇ ಹಾಕಿದೀವಲ್ಲ — ನಮ್ಮ ಮನೆಯವಳಮ್ಮ — ಸರಿ, ಆಮೇಲೆ ಮೇಲೆ ಕೈಯಲ್ಲಿ ಬರೆದಿದ್ದ ವಿಳಾಸ ನೋಡಿಕೊಂಡು ಕಳಿಸಿದ್ದಾರೆ, ದೊಡ್ಡದಾಗಿ ಯಾವ ಹೆಸರಿದೆಯೋ ಅದೇ ತಗೊಳ್ಳೋರದು ಅಂದುಕೊಂಡಿದ್ದಾರೆ, ನಿಮ್ಮ ಮನೆಗೇ ವಾಪಸ್ ಬಂದಿದೆ. ದೊಡ್ಡದಾಗಿ. ಹೆಬ್ಬೆರಳಿನಷ್ಟು ದಪ್ಪಕ್ಕೆ. ತಾತ ಕೌಂಟರಿನ ಅಂಚು ಹಿಡಿದರು, ಅವಳ ದಾರ, ತನ್ನ ಅಕ್ಷರ, ಇಬ್ಬರೂ ಸೇರಿ ಹೊರಟದ್ದನ್ನು ಕೈಹಿಡಿದು ಮನೆಗೇ ಕರೆತಂದರಲ್ಲ, ಐವತ್ತು ವರ್ಷ ಒಂದು ಕೆಲಸವನ್ನೂ ಜಗಳವಿಲ್ಲದೆ ಮಾಡದವರು ಇದೊಂದನ್ನು ಎಷ್ಟು ಹೊಂದಿಕೊಂಡು ಮಾಡಿದರು. ಮನೆಗೆ ಬಂದಿಲ್ಲವಲ್ಲಮ್ಮ. ಬಂದಿದೆ ತಾತ, ಮನೆಯೋರು ಬೇಡ ಅಂದ್ರು, ಹೆಸರಿರೋರು ಮನೇಲಿ ಇಲ್ಲ ಅಂದ್ರು ಅಂತ ಹಾಕಿದ್ದಾನೆ ನಮ್ಮವನು. ತಾರೀಖು ಹೇಳಿದಳು. ಅದು ಅವಳನ್ನು ಮಣ್ಣಿಗಿಟ್ಟು ಬಂದ ನಾಲ್ಕನೆಯ ದಿನ.

ಆಗ ಬಂತು, ಮಂಜು ಸರಿದು ಇಡಿಯಾಗಿ ಬಂತು, ಬಾಗಿಲ ಗಂಟೆ, ಸೊಸೆ ಒಳಗೆ ಅಳುವವರಿಗೆ ನೀರು ಕೊಡುತ್ತಿದ್ದಳು, ತಾವೇ ಎದ್ದು ತೆಗೆದದ್ದು, ಹೊಸಿಲಿನಾಚೆ ಬೆವರಿದ ಅಂಗಿಯ ಒಬ್ಬ ಮನುಷ್ಯ, ಅವನು ಅವಳ ಹೆಸರು ಹಿಡಿದು ಕರೆದ, ಪೂರ್ತಿ ಹೆಸರು, ಮನೆಯವರಾರೂ ನಾಲ್ಕು ದಿನದಿಂದ ಬಾಯಿಗೆ ತಾರದೆ ಉಳಿಸಿಕೊಂಡಿದ್ದ ಹೆಸರು, ಅವನ ಬಾಯಲ್ಲಿ ಅದು ಬದುಕಿದ್ದವರ ಹೆಸರಿನ ಹಾಗೆಯೇ ಇತ್ತು, ಇದ್ದಾರಾ ಎಂದು ಕೇಳಿದ, ಇಲ್ಲ ಅಂದರು ತಾತ. ಯಾವಾಗ ಬರ್ತಾರೆ ಸಾರ್. ಬರಲ್ಲ. ಅವರದೊಂದು ಪಾರ್ಸಲ್ಲು, ನೀವು ತಗೋತೀರಾ. ಏನೂ ಬೇಡಪ್ಪ, ಅವಳದು ಇನ್ನು ಏನೂ ಬೇಡ, ಬಾಗಿಲು ಹಾಕಿದರು, ಹಾಕುವಾಗ ಕಂಡದ್ದು — ನೀರು ತುಂಬಿದ ಕಣ್ಣಿಗೆ ಕಂಡದ್ದು, ಕಂಡೂ ಕಾಣದ್ದು — ಅವನ ತೋರುಬೆರಳು, ಬೆರಳಿನಲ್ಲಿ ಸಿಕ್ಕಿಸಿಕೊಂಡ ಹಸಿರು ಕುಣಿಕೆ, ಕುಣಿಕೆಯಿಂದ ತೂಗುತ್ತಿದ್ದ ಪೆಟ್ಟಿಗೆ. ಇಲ್ಲ ಅನ್ನಬೇಡಿ ಎಂದಿದ್ದಳು. ಎಷ್ಟು ಸಲ ಹೇಳಿದ್ದಳು. ಉಪ್ಪಿಗೆ, ಸಕ್ಕರೆಗೆ, ಬಾಗಿಲಿಗೆ ಬಂದವರಿಗೆ, ಯಾವುದಕ್ಕೂ ಬೇಡ ಎಂದಿದ್ದಳು, ತನಗೂ ಅನ್ನಬೇಡಿ ಎಂದು ಪ್ರತ್ಯೇಕ ಹೇಳಬೇಕಾಗಿತ್ತೇ, ಬಾಗಿಲ ತನಕ ಬಂದಿದ್ದಳಲ್ಲ, ಹೊಸಿಲ ತನಕ ಬಂದು ತೂಗುತ್ತಿದ್ದಳಲ್ಲ.

ತಾತ, ಕೂತ್ಕೊಳ್ಳಿ, ನೀರು ಕೊಡ್ಲಾ. ಬೇಡಮ್ಮ, ಈಗ ಎಲ್ಲಿದೆ ಅದು. ಹೀಗೆ ಯಾರೂ ತಗೊಳ್ಳದ್ದು ಗೋಡೌನಿಗೆ ಹೋಗುತ್ತೆ ತಾತ, ಅಲ್ಲಿ ಕೆಲವು ತಿಂಗಳು ಇಟ್ಟು ಆಮೇಲೆ ವಿಲೇವಾರಿ ಮಾಡ್ತಾರೆ, ಇರಿ ಕೇಳ್ತೀನಿ, ಹುಡುಗಿ ಫೋನು ಮಾಡಿದಳು, ಅಣ್ಣಾ ಸ್ವಲ್ಪ ನೋಡು, ಇಲ್ಲಿ ತಾತ ಬಂದು ನಿಂತಿದಾರೆ, ಆ ಕಡೆ ಯಾರೋ ಗೊಣಗಿದ್ದು ಇಲ್ಲಿಗೂ ಕೇಳಿತು, ಬೆಟ್ಟದಷ್ಟಿದೆ ತಾಯಿ ಇಲ್ಲಿ, ಚೀಟಿ ಇಲ್ಲದ್ದರಲ್ಲಿ ಯಾವುದು ಅಂತ ಹುಡುಕ್ಲಿ, ಗುರುತೇನು. ಗುರುತೇನು ತಾತ. ಗುರುತು, ಹಸಿರು ಉಣ್ಣೆ ದಾರ ಕಟ್ಟಿರುತ್ತಮ್ಮ, ಅಡ್ಡ ಒಂದು, ಉದ್ದ ಒಂದು, ಮೇಲೆ ಒಂದು ಕುಣಿಕೆ, ಬೆರಳು ಹೋಗುವಷ್ಟು. ಹುಡುಗಿ ಅದನ್ನೇ ಹೇಳಿದಳು, ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು, ಹಿಂದೆ ಟೇಪು ಚರ್ರೆಂದಿತು, ನಿನ್ನ ದಯೆಯಲ್ಲಿ, ನಿನ್ನ ದಯೆಯಲ್ಲಿ, ತಾತನ ತುಟಿ ಅಲ್ಲಿಗೇ ಬಂದು ನಿಂತು ಮತ್ತೆ ಮೊದಲಿಂದ ಹೊರಟಿತು, ಆಮೇಲೆ ಹುಡುಗಿಯ ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಸಿಕ್ಕಿತಂತೆ ತಾತ, ದಾರ ಅರ್ಧ ಹರಿದಿದೆಯಂತೆ, ಕುಣಿಕೆ ಗಟ್ಟಿಯಿದೆಯಂತೆ, ಅದರಿಂದಲೇ ಎಳೆದು ತೆಗೆದನಂತೆ. ಈಗ ಹೇಳಿ, ಎಲ್ಲಿಗೆ ಕಳಿಸ್ಲಿ, ನಿಮ್ಮ ಮನೆಗೋ, ಅವರಿಗೋ.

ಮನೆಗೆ. ಆ ಮಾತು ಎಷ್ಟು ಬೇಗ ಎದ್ದು ಬಂತು, ಪೆಟ್ಟಿಗೆ ಮನೆಗೆ ಬಂದರೆ ಟೇಪು ಬಿಚ್ಚಬಹುದು, ಉಸ್ಸಂತ ಎದ್ದು ಕೂರುವುದನ್ನು ನೋಡಬಹುದು, ಅವಳು ಮೊಣಕಾಲಿನಿಂದ ಒತ್ತಿ ಹೊರಗೆ ಕಳಿಸಿದ ಗಾಳಿ ಮತ್ತೆ ಅದರೊಳಗೆ ತುಂಬುವುದನ್ನು, ಮುಖ ಇಟ್ಟರೆ ಅವಳ ಸೋಪಿನ ವಾಸನೆ ಇದ್ದೀತು, ಟೇಪಿನ ತುದಿಯಲ್ಲಿ ಅವಳ ಹಲ್ಲಿನ ಗುರುತು ಇದ್ದೀತು, ಒಂದು ದಿನ ಇಟ್ಟುಕೊಂಡು ಕಳಿಸಿದರಾಯಿತು, ಒಂದೇ ದಿನ, ಒಂದು ದಿನ ಇಟ್ಟುಕೊಂಡವನು ಕಳಿಸುತ್ತಾನೆಯೇ, ತನ್ನನ್ನು ತಾನು ಅರಿಯದವನೇ ಇವನು, ಕುತ್ತಿಗೆಯ ಮಫ್ಲರಿನ ಬಿಚ್ಚಿದ ಎಳೆಯನ್ನು ಬೆರಳು ತಿರುವುತ್ತಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಬರಿಗೈ ಬಿಚ್ಚಿ ಮುಚ್ಚಿ ಹಿಡಿಯಲು ಏನೂ ಸಿಗದ ಒಂದು ಕೂಸು, ಹುಟ್ಟಿದವು ಮೊದಲು ಕಲಿಯೋದು ಹಿಡ್ಕೊಳ್ಳೋದು ರೀ. ಮುದುಕರು ಕಲಿಯೋದೇನೇ ಹಾಗಾದರೆ, ಹೇಳದೆ ಹೋದೆ. ಅವರಿಗೇ ಕಳಿಸಮ್ಮ ಅಂದರು ತಾತ, ಮನೆಗೆ ಬರೋದು ಬೇಡ, ಅಲ್ಲಿಂದಲೇ ಮುಂದಕ್ಕೆ ಕಳಿಸು. ಹುಡುಗಿ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು, ವಿಳಾಸ ಮತ್ತೆ ಹಾಕೋಕೆ ಕಳಿಸಿದವರೇ ಒಪ್ಪಬೇಕು ತಾತ, ಅವರ ಫೋನಿಗೆ ಒಂದು ನಂಬರು ಬರುತ್ತೆ, ಅದನ್ನ ಹೇಳಿದ್ರೇನೇ ಇದು ಮುಂದಕ್ಕೆ ಹೋಗೋದು, ಕಳಿಸಿದವರ ಹೆಸರು ಹೇಳಿ. ತಾತ ಹೇಳಿದರು, ಬಾಯಿ ತುಂಬ ಹೇಳಿದರು, ಇವಳೇ ಅಲ್ಲ, ನಮ್ಮ ಮನೆಯವಳಲ್ಲ, ಹೆಸರು, ಕೌಂಟರಿನ ಗಾಜಿಗೆ ತಗಲಿ ತಮ್ಮ ಕಿವಿಗೇ ಮರಳಿ ಬಂತು. ಹುಡುಗಿ ತಲೆಯೆತ್ತಿದಳು. ಇದ್ದಾರಾ ತಾತ ಅವರು. ಇ — ಕೈ ಖಾನೆಯ ಕಡೆ ಹೋಯಿತು, ಹಳೆಯ ಕೈ, ಮೊದಲ ಮೊಳೆ ಎರಡು ಮಾತಿಗೂ ಒಂದೇ, ಇ, ಅದು ಸಿಕ್ಕಿದೆ, ಸಾಲಿನಲ್ಲಿ ನಿಂತಿದೆ, ಮುಂದಿನದು ಲಕಾರದ ಖಾನೆಯಲ್ಲಿದೆಯೋ ದಕಾರದ ಖಾನೆಯಲ್ಲಿದೆಯೋ, ಎರಡಕ್ಕೂ ಕೆಳಗೊಂದು ಒತ್ತು ಬೇಕು, ಒತ್ತು ಕೊಡದೆ ಎರಡೂ ನಿಲ್ಲವು, ಬೆರಳು ಎರಡು ಖಾನೆಗಳ ನಡುವೆ ಸುಳಿಯುತ್ತದೆ, ಸುಳ್ಳಾಡದ ನಾಲಗೆ, ದೇವರೇ, ಇದು ಸುಳ್ಳೇ — ಇದ್ದಾರೆ ಅಂದರು ತಾತ. ಎದೆಜೇಬಿನಲ್ಲಿ ಅವಳ ಫೋನು ಜುಂ ಎಂದು ನಡುಗಿತು, ಬಂತಾ ತಾತ ನಂಬರು, ಹುಡುಗಿ ಕೇಳುತ್ತಿದ್ದಾಳೆ, ತೆಗೆಯಬೇಕು, ಓದಬೇಕು, ಕೈ ಜೇಬಿನ ಮೇಲೆಯೇ ಇದೆ, ಕಣ್ಣ ಮುಂದೆ ಆ ಬಾಗಿಲು, ತೆರೆದೇ ಇರುವ ಬಾಗಿಲು, ಹಸಿರು ಕುಣಿಕೆ, ಅದರೊಳಗೆ ಒಂದು ಬೆರಳು, ಹೊತ್ತವನದೋ, ಎಳೆದು ನೋಡಿದವಳದೋ, ಇನ್ನೂ ಕಾಣದ ಕೂಸಿನದೋ, ಹಸಿರು ಕುಣಿಕೆ, ಒಂದು ಬೆರಳು, ಬಿಡದೆ ಹಿಡಿದ ಒಂದು ಬೆರಳು